ಒಂದಾಣೆ ಟಿಕೇಟಿನ ಮೇಲಿನ ಸಹಿ

ಕಳೆದ ದೀಪಾವಳಿಗೆ ಧಾರವಾಡದ ನಮ್ಮ ಹಳೆಯ ಮನೆಯ ಅಟ್ಟ ಸ್ವಚ್ಛಗೊಳಿಸುವಾಗ, ಕೆಂಪು ಅರಿವೆಯಲ್ಲಿ ಕಟ್ಟಿಟ್ಟಿದ್ದ ಹತ್ತಿ ವ್ಯಾಪಾರದ ಪಾವತಿಗಳ, ಅಂದರೆ ರಸೀದಿಗಳ, ಗಂಟೊಂದು ಸಿಕ್ಕಿತು. 1924ರ ಒಂದು ಪಾವತಿಯ ಕೆಳಗೆ ಕಂದು ಬಣ್ಣದ ಒಂದಾಣೆ ಟಿಕೇಟು, ಅಂದರೆ ಸ್ಟಾಂಪು, ಇತ್ತು. ಕಿರೀಟ ಧರಿಸಿದ ಐದನೆಯ ಜಾರ್ಜ್ ದೊರೆಯ ಮುಖದ ಮೇಲೆ ಹಾಯ್ದು ಕಾಗದಕ್ಕಿಳಿದಿತ್ತು ನನ್ನ ಮುತ್ತಜ್ಜನ ನೇರಳೆ ಶಾಯಿಯ ಸಹಿ.

ಇಂಥ ಕಿರೀಟದ ಟಿಕೇಟುಗಳನ್ನು ನಾನು ಹನ್ನೆರಡು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. 1899ರ ಸ್ಟಾಂಪು ಕಾಯ್ದೆಯಂತೆ ಇಪ್ಪತ್ತು ರೂಪಾಯಿ ಮೀರಿದ ಹಣ ಪಡೆದವರು ಪಾವತಿಗೆ ಒಂದಾಣೆ ಟಿಕೇಟು ಹಚ್ಚಿ, ಅದು ಮತ್ತೆ ಬಳಕೆಗೆ ಬಾರದಂತೆ ರದ್ದುಮಾಡಬೇಕಿತ್ತು. ಅಡ್ಡ ಸಹಿ ಹಾಕುತ್ತಿದ್ದುದು ಅದಕ್ಕೇ. ಅಂಚೆಗೂ ಕಂದಾಯಕ್ಕೂ ಒಂದೇ ಟಿಕೇಟು ಸಲ್ಲುವ ಏರ್ಪಾಡು 1906ರಲ್ಲಿ ಬಂದಿತ್ತು. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ನಮ್ಮ ಪಾವತಿಗಳಲ್ಲಿ ಇಂಗ್ಲೆಂಡಿನ ದೊರೆಯಿದ್ದಾನೆ. ಮೈಸೂರು ಸಂಸ್ಥಾನದ ಟಿಕೇಟುಗಳೇ ಬೇರೆ.

ಆ ಸಂಜೆ ನನಗೆ ಟಿಕೇಟಿನ ಹಿಂಬದಿಯ ನೀರಚ್ಚು, ಅಂದರೆ ಕಾಗದದೊಳಗೇ ಮೂಡಿಸಿದ ಗುರುತು, ನೋಡುವ ಆಸೆಯಾಯಿತು. ಲಂಡನ್ನಿನಲ್ಲಿ ಅಚ್ಚಾದುದಕ್ಕೆ ಒಂದೇ ನಕ್ಷತ್ರ, 1926ರಿಂದ ನಾಸಿಕದಲ್ಲಿ ಅಚ್ಚಾದುದಕ್ಕೆ ಹಲವು ನಕ್ಷತ್ರಗಳು. ತಾಟಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಪಾವತಿಯ ಆ ಮೂಲೆಯನ್ನು ತೇಲಿಬಿಟ್ಟೆ. ಕೆಲ ಹೊತ್ತಿನಲ್ಲಿ ಟಿಕೇಟು ಬಿಟ್ಟುಕೊಂಡಿತು. ಅದರ ಜೊತೆಗೇ ನೇರಳೆ ಬಣ್ಣ ನೂಲುನೂಲಾಗಿ ನೀರಿಗಿಳಿಯತೊಡಗಿತು. ಗಾಬರಿಯಿಂದ ಎತ್ತುವಷ್ಟರಲ್ಲಿ ದೊರೆಯ ಮುಖ ನಿಚ್ಚಳವಾಗಿತ್ತು, ಮುತ್ತಜ್ಜನ ಹೆಸರಿನ ಮೊದಲ ಮೂರು ಅಕ್ಷರಗಳು ಹೋಗಿದ್ದವು. ಕಾಗದದ ಮೇಲೆ ಉಳಿದದ್ದು ಅಡ್ಡಹೆಸರಿನ ಬಾಲ ಮಾತ್ರ.

ಬೆಳಕಿಗೆ ಹಿಡಿದಾಗ ಕಂಡದ್ದು ಒಂದೇ ನಕ್ಷತ್ರ. ಅದು ಲಂಡನ್ನಿನದೇ ಎಂದು ಪಾವತಿಯ ತಾರೀಖೇ ಹೇಳುತ್ತಿತ್ತು. ನೀರಿಗೆ ಹಾಕುವ ಅಗತ್ಯವೇ ಇರಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ಎಂಬತ್ತೆಂಟರ ಸೋದರತ್ತೆ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ತಮ್ಮಾ, ಅಜ್ಜನ ಸಹಿ ಎಲ್ಲಿ ಹೋತು?" ಎಂದರು. ನಾನು ತಾಟು ತೋರಿಸಿದೆ. ಅವರು ಬೈಯಲಿಲ್ಲ, ಕಾಗದದ ಮೇಲೆ ಉಳಿದ ಅಕ್ಷರಗಳ ಮೇಲೆ ಬೆರಳಾಡಿಸಿ, ಅಜ್ಜ ಸಹಿ ಮಾಡುವ ಮುನ್ನ ಟಾಕನ್ನು ಎರಡು ಸಲ ಜಾಡಿಸುತ್ತಿದ್ದರೆಂದು ಹೇಳಿದರು.

ಗಂಟಿನಲ್ಲಿ ಇನ್ನೂ ಹದಿನೇಳು ಪಾವತಿಗಳಿವೆ. ಅವುಗಳ ಟಿಕೇಟುಗಳನ್ನು ಬಿಡಿಸದೆ, ಪಾವತಿಗಳನ್ನು ಇಡಿಯಾಗಿಯೇ ಪಾರದರ್ಶಕ ಹಾಳೆಗಳೊಳಗೆ ಇಟ್ಟಿದ್ದೇನೆ.