ವ್ಯಾಗನ್ ಮೇಲೆ ಹೊಸಪೇಟೆ ಧೂಳು

ಮೂರು ವಾರದಿಂದ ಕೂತು ಮಾಡುತ್ತಿದ್ದ ಬಾಕ್ಸ್‌ಎನ್ ವ್ಯಾಗನ್ನಿನ (ಅದಿರು ಸಾಗಿಸುವ, ಮೇಲೆ ತೆರೆದ ಗೂಡ್ಸ್ ಡಬ್ಬಿ) ಪುಟ್ಟ ಮಾದರಿ ನಿನ್ನೆ ರಾತ್ರಿ ಮುಗಿಯಿತು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಗಲ 1,676 ಮಿ.ಮೀ.; 1:87 ಲೆಕ್ಕದಲ್ಲಿ, ಅಂದರೆ ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿದರೆ, ಅದು 19.3 ಮಿ.ಮೀ. ಆಗಬೇಕು, ಸಿಗೋ ಮಾದರಿ ಹಳಿ 16.5. ಅದಕ್ಕೆ ಒಪ್ಪಿಕೊಂಡೆ. ಬಣ್ಣದಲ್ಲಿ ಮಾತ್ರ ರಾಜಿ ಇಲ್ಲ. ಹೊಸಪೇಟೆಯಲ್ಲಿ ಅದಿರಿನ ಗಾಡಿಗಳನ್ನು ನೋಡುತ್ತಲೇ ಬೆಳೆದವನು ನಾನು. ತುಕ್ಕು ಎಲ್ಲ ಕಡೆ ಒಂದೇ ಸಮ ಹಿಡಿಯೋದಿಲ್ಲ. ಪಕ್ಕದ ಪಟ್ಟಿಗಳ ಬುಡದಲ್ಲಿ ಹೆಚ್ಚು, ಅಲ್ಲಿಂದ ಮಳೆನೀರು ಇಳಿದ ಹಾಗೆ ಗೆರೆ. ಹೋದ ಸಲ ಕಂದು ಬಣ್ಣ ಗಟ್ಟಿಯಾಗಿ ಬಳಿದು ಕೆಡಿಸಿದ್ದೆ. ಈ ಸಲ ತೀರಾ ತೆಳ್ಳಗೆ ಕಲಸಿ, ಸಣ್ಣ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಎಳೆದೆ. ಊರಿಂದ ತಂದಿದ್ದ ಕೆಮ್ಮಣ್ಣನ್ನು ಹಳೇ ಪಂಚೆಯಲ್ಲಿ ಜರಡಿ ಹಿಡಿದು, ಮೂಲೆಗಳಿಗೆ ಉದುರಿಸಿ, ಮೇಲೆ ಮ್ಯಾಟ್ ವಾರ್ನಿಷ್ ಹೊಡೆದೆ.

ಬೆಳಿಗ್ಗೆ ಅಮ್ಮ ಕಿಟಕಿ ಬೆಳಕಿಗೆ ಹಿಡಿದು ನೋಡಿ, "ನಮ್ಮೂರ ಗಾಡಿನೇ ಐತಲ್ಲಪ್ಪಾ" ಅಂದಳು.