ರೇಟಿಂಗ್ ಜಾಸ್ತಿ ಇದ್ದರೂ ಪಟ್ಟಿಯಲ್ಲಿ ಕೆಳಗೆ ಯಾಕೆ?

ಡಿಸೆಂಬರ್ ಹತ್ತಿರ ಬಂತು ಅಂದರೆ ನನಗೆ ಚೆಸ್‌ನ ಕ್ಯಾಂಡಿಡೇಟ್ಸ್ ಬಗ್ಗೆ, ಅಂದರೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಟೂರ್ನಿಯ ಬಗ್ಗೆ, ಒಂದು ಪ್ರಶ್ನೆ ಬರುವುದು ಖಾತ್ರಿ. "ರೇಟಿಂಗ್‌ನಲ್ಲಿ ಮೇಲಿರುವ ಆಟಗಾರನನ್ನು ಬಿಟ್ಟು ಕೆಳಗಿರುವವನಿಗೆ ಜಾಗ ಕೊಟ್ಟರಲ್ಲ, ಅದು ಹೇಗೆ? ಈ ಸರ್ಕ್ಯೂಟ್ ಪಾಯಿಂಟ್ ಅಂದರೆ ಏನು? ಯಾವ ಟೂರ್ನಿ ಲೆಕ್ಕಕ್ಕೆ ಬರುತ್ತದೆ, ಯಾವುದು ಬರಲ್ಲ, ಇದನ್ನೆಲ್ಲ ಯಾರು ತೀರ್ಮಾನ ಮಾಡ್ತಾರೆ?" ಕೆಲವರು ಕುತೂಹಲಕ್ಕೆ ಕೇಳುತ್ತಾರೆ. ಕೆಲವರು ಸಿಟ್ಟಿನಲ್ಲೇ ಕೇಳುತ್ತಾರೆ, ಅವರ ನೆಚ್ಚಿನ ಆಟಗಾರನಿಗೆ ಸ್ವಲ್ಪದರಲ್ಲಿ ಅವಕಾಶ ತಪ್ಪಿರುತ್ತದೆ. ಇಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೇಟಿಂಗ್ ವಿಷಯ ಮುಗಿಸಿಬಿಡೋಣ. ಅರ್ಪಾದ್ ಎಲೋ ರೂಪಿಸಿದ ಈ ಪದ್ಧತಿ ಒಂದು ಅಂದಾಜು, ಅಷ್ಟೇ. ನಿಮಗೂ ನಿಮ್ಮ ಎದುರಾಳಿಗೂ 200 ಪಾಯಿಂಟ್ ವ್ಯತ್ಯಾಸ ಇದ್ದರೆ, ಮೇಲಿರುವವರು 100 ಆಟದಲ್ಲಿ ಸುಮಾರು 76 ಅಂಕ (ಗೆಲುವಿಗೆ 1, ಡ್ರಾಗೆ ಅರ್ಧ) ಗಳಿಸಬೇಕು ಅಂತ ಅದು ಲೆಕ್ಕ ಹಾಕುತ್ತದೆ. ಅದಕ್ಕಿಂತ ಜಾಸ್ತಿ ಗಳಿಸಿದರೆ ಮೇಲೆ, ಕಮ್ಮಿ ಆದರೆ ಕೆಳಗೆ. 2400 ದಾಟಿದ ಆಟಗಾರ ತನ್ನಷ್ಟೇ ರೇಟಿಂಗ್ ಇರುವವನನ್ನು ಸೋಲಿಸಿದರೆ 5 ಪಾಯಿಂಟ್ ಸಿಗುತ್ತದೆ, 200 ಕಮ್ಮಿ ಇರುವವನ ಜೊತೆ ಡ್ರಾ ಮಾಡಿಕೊಂಡರೆ ಎರಡೂವರೆಗಿಂತ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ನೀವು ಟೂರ್ನಿ ಗೆದ್ದಿರೋ, ಐದನೆಯವರಾಗಿ ಬಂದಿರೋ ಅನ್ನುವುದು ರೇಟಿಂಗ್‌ಗೆ ಬೇಕಾಗಿಲ್ಲ. ಅದರ ಕಣ್ಣಿಗೆ ಕಾಣುವುದು ಒಂದೊಂದು ಆಟ ಮಾತ್ರ. ಫೈನಲ್ ಆಗಲಿ, ಪ್ರಶಸ್ತಿ ತೀರ್ಮಾನವಾಗುವ ಕೊನೆಯ ಸುತ್ತಾಗಲಿ, ಮೊದಲ ಸುತ್ತಾಗಲಿ, ಎಲ್ಲಕ್ಕೂ ಒಂದೇ ಬೆಲೆ.

ಇನ್ನೊಂದು ಮುಖ್ಯ ವಿಷಯ ಇದೆ. ಆಡದೆ ಸುಮ್ನೆ ಕೂತರೆ ರೇಟಿಂಗ್ ಇದ್ದಲ್ಲೇ ಇರುತ್ತದೆ, ಕರಗುವುದಿಲ್ಲ. ಮೇಲಿರುವವನಿಗೆ ಆಡುವುದೇ ಅಪಾಯ ಅನ್ನಿಸಿಬಿಡಬಹುದು. ವೃತ್ತಿಪರ ಆಟಕ್ಕೆ ಇದು ಒಳ್ಳೆಯದಲ್ಲ ಅಲ್ವಾ? ಟೂರ್ನಿಗಳು ನಡೆಯಬೇಕು, ಮೇಲಿನವರು ಬಂದು ಆಡಬೇಕು, ಆಡಿ ಗೆದ್ದವರಿಗೆ ಏನಾದರೂ ಸಿಗಬೇಕು. ಟೂರ್ ಅಥವಾ ಸರ್ಕ್ಯೂಟ್, ಅಂದರೆ ಬೇರೆ ಬೇರೆ ಟೂರ್ನಿಗಳಲ್ಲಿ ಗಳಿಸಿದ ಪಾಯಿಂಟ್ ಕೂಡಿಸುತ್ತಾ ಹೋಗುವುದು, ಅನ್ನುವ ಯೋಚನೆ ಹುಟ್ಟುವುದು ಈ ಜಾಗದಲ್ಲೇ. ಟೆನಿಸ್ ನೋಡುವವರಿಗೆ ಇದು ತಕ್ಷಣ ಅರ್ಥ ಆಗುತ್ತದೆ.

ಇದು ಹೊಸ ಆಸೆ ಏನಲ್ಲ. 2003ರಲ್ಲಿ ವೃತ್ತಿಪರ ಆಟಗಾರರೇ ಸೇರಿ ತಮ್ಮದೊಂದು ಸಂಘ ಕಟ್ಟಿಕೊಂಡರು, ಅಸೋಸಿಯೇಷನ್ ಆಫ್ ಚೆಸ್ ಪ್ರೊಫೆಷನಲ್ಸ್ ಅಂತ. ಜೋಯೆಲ್ ಲೋತಿಯೆ ಅದರ ಮೊದಲ ಅಧ್ಯಕ್ಷ. ಅವರು ಒಂದು ಟೂರ್ ಪಟ್ಟಿಯನ್ನೂ ಶುರುಮಾಡಿದರು. ಬೇರೆ ಬೇರೆಯವರು ನಡೆಸುವ ಟೂರ್ನಿಗಳನ್ನು ಅವುಗಳ ಬಲಕ್ಕೆ ತಕ್ಕಂತೆ ತೂಗಿ, ಆಟಗಾರರಿಗೆ ಪಾಯಿಂಟ್ ಕೊಡುವ ಪಟ್ಟಿ ಅದು. 2015ರಲ್ಲಿ ಗ್ರ್ಯಾಂಡ್ ಚೆಸ್ ಟೂರ್ ಬಂತು. ಅದು ನಾರ್ವೆ, ಸೇಂಟ್ ಲೂಯಿಸ್, ಲಂಡನ್ ಎಂಬ ಮೂರು ಟೂರ್ನಿಗಳಿಂದ ಶುರುವಾಯಿತು, ಮೊದಲ ವರ್ಷ ಗೆದ್ದದ್ದು ಕಾರ್ಲ್‌ಸನ್. ಆದರೆ ಈಗ ಜನ ನನ್ನನ್ನು ಕೇಳುವುದು ಹೆಚ್ಚಾಗಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ, ಅಂದರೆ ಫಿಡೆ, 2023ರಿಂದ ನಡೆಸುತ್ತಿರುವ ಫಿಡೆ ಸರ್ಕ್ಯೂಟ್ ಬಗ್ಗೆ. ಯಾಕೆಂದರೆ ಅದರಲ್ಲಿ ಮೊದಲು ಬಂದವರಿಗೆ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಜಾಗ ಸಿಗುತ್ತದೆ. ಕ್ಯಾಂಡಿಡೇಟ್ಸ್‌ನಲ್ಲಿ ಇರುವುದು 8 ಜಾಗ. ಗೆದ್ದವರು ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುತ್ತಾರೆ. ಒಂದೊಂದು ಜಾಗಕ್ಕೂ ಅಷ್ಟು ಬೆಲೆ.

ಸರ್ಕ್ಯೂಟ್ ಲೆಕ್ಕ ನೋಡೋಣ, ಕೇಳಿದಷ್ಟು ಕಷ್ಟ ಇಲ್ಲ. ಟೂರ್ನಿಯಲ್ಲಿ ಎಷ್ಟನೇ ಸ್ಥಾನ ಬಂದಿರಿ ಅನ್ನುವುದಕ್ಕೆ ಒಂದು ಮೂಲ ಅಂಕ. ಅದನ್ನು ಟೂರ್ನಿಯ ಬಲದಿಂದ ಗುಣಿಸುತ್ತಾರೆ. ಬಲ ಅಳೆಯುವುದು ಹೀಗೆ: ಟೂರ್ನಿಯಲ್ಲಿ ಅತಿ ಹೆಚ್ಚು ರೇಟಿಂಗ್ ಇರುವ 8 ಆಟಗಾರರ ಸರಾಸರಿ ತೆಗೆದುಕೊಳ್ಳಿ, ಅದರಿಂದ 2500 ಕಳೆಯಿರಿ, 100ರಿಂದ ಭಾಗಿಸಿ. ಸರಾಸರಿ 2600 ಇದ್ದರೆ ಗುಣಕ 1. ಸರಾಸರಿ 2750 ಇದ್ದರೆ 2.5. ಅಂದರೆ 150 ಪಾಯಿಂಟ್ ಸರಾಸರಿ ಜಾಸ್ತಿ ಆದರೆ ಟೂರ್ನಿಯ ಬೆಲೆ ಎರಡೂವರೆ ಪಟ್ಟು! ಗೆಲುವಿಗೆ ಮೂಲ ಅಂಕ 10 ಅಂತ ಇಟ್ಟುಕೊಳ್ಳಿ. ಚಿಕ್ಕ ಟೂರ್ನಿ ಗೆದ್ದವನಿಗೆ 10 ಸಿಕ್ಕಿತು. ದೊಡ್ಡ ಟೂರ್ನಿಯ ಮಧ್ಯದಲ್ಲೆಲ್ಲೋ ನಿಂತು ಮೂಲ ಅಂಕ 5 ತಗೊಂಡವನಿಗೆ 12.5 ಸಿಕ್ಕಿತು. ನನ್ನ ಗೆಳೆಯರಿಗೆ ಈ ಲೆಕ್ಕ ತೋರಿಸಿದಾಗಲೇ ಅರ್ಧ ಸಿಟ್ಟು ಇಳಿಯುತ್ತದೆ, ಉಳಿದರ್ಧ ಏರುತ್ತದೆ. ಏರುವುದಕ್ಕೂ ಕಾರಣ ಇದೆ, ಅಲ್ಲಿಗೆ ಬರುತ್ತೇನೆ.

8 ಜನರ ಸರಾಸರಿ ಅನ್ನುವುದನ್ನು ಗಮನಿಸಿ. ಆಹ್ವಾನ ಇಲ್ಲದೆಯೂ ಸೇರಬಹುದಾದ, 200 ಜನ ಆಡುವ ಓಪನ್ ಟೂರ್ನಿಯಲ್ಲೂ ಬಲ ತೀರ್ಮಾನ ಮಾಡುವುದು ಮೇಲಿನ 8 ಜನ ಮಾತ್ರ. ಉಳಿದ 192 ಜನರ ರೇಟಿಂಗ್ ಏನೇ ಇರಲಿ, ಆ ಗುಣಕದಲ್ಲಿ ಅದು ಕಾಣುವುದೇ ಇಲ್ಲ. ಇದರಿಂದ ಓಪನ್ ನಡೆಸುವವರಿಗೆ ಒಂದು ಉಪಕಾರ ಆಯಿತು: ನಾಲ್ಕೈದು ದೊಡ್ಡ ಆಟಗಾರರನ್ನು ಕರೆಸಿಕೊಂಡರೆ ಟೂರ್ನಿಯ ಬೆಲೆ ಏರುತ್ತದೆ, ಬೆಲೆ ಏರಿದರೆ ಇನ್ನಷ್ಟು ದೊಡ್ಡವರು ಬರುತ್ತಾರೆ. ಆದರೆ ಓಪನ್‌ನಲ್ಲಿ ಮೊದಲು ಬರುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ಒಂಬತ್ತು ಸುತ್ತಲ್ಲಿ ಒಂದು ಸೋಲು ಸಾಕು, ಕಥೆ ಮುಗಿದ ಹಾಗೆ. ಹತ್ತು ಜನರ ಆಹ್ವಾನಿತ ಟೂರ್ನಿಯಲ್ಲಿ ಬಹಳಷ್ಟು ಡ್ರಾ ಮಾಡಿ ಒಂದು ಗೆದ್ದರೂ ಮೇಲಿನ ಅರ್ಧದಲ್ಲಿ ಇರಬಹುದು. ಈ ವ್ಯತ್ಯಾಸವನ್ನು ಯಾವ ಸೂತ್ರವೂ ಇನ್ನೂ ಸರಿಯಾಗಿ ಹಿಡಿದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನು ಯಾವ ಟೂರ್ನಿ ಲೆಕ್ಕಕ್ಕೆ ಬರುತ್ತದೆ? ಇಲ್ಲಿ ಯಾರೋ ಕೂತು ಒಂದೊಂದೇ ಆರಿಸುವುದಿಲ್ಲ. ನಿಯಮಗಳಿವೆ, ಅವನ್ನು ಮುಟ್ಟಿದ ಟೂರ್ನಿ ಒಳಗೆ ಬರುತ್ತದೆ. 2023ರಲ್ಲಿ ಅವು ಹೀಗಿದ್ದವು: ಕನಿಷ್ಠ 8 ಆಟಗಾರರು, ಕನಿಷ್ಠ 7 ಸುತ್ತು, ಮೇಲಿನ 8 ಜನರ ಸರಾಸರಿ ಕನಿಷ್ಠ 2550. ಒಬ್ಬ ಆಟಗಾರ ಆಡಿದ ಎಲ್ಲವೂ ಕೂಡುವುದಿಲ್ಲ, ಅತ್ಯುತ್ತಮ ಫಲಿತಾಂಶ ಕೆಲವು ಮಾತ್ರ. 2023ರಲ್ಲಿ ಅದು 5 ಇತ್ತು. ಹೊಸ ಸರ್ಕ್ಯೂಟ್ ಬಂದಾಗ ಎಲ್ಲರೂ ಸೊನ್ನೆಯಿಂದ ಶುರು. ಹಳೆಯ ಹೆಸರು ಇಲ್ಲಿ ನಡೆಯುವುದಿಲ್ಲ. ನನಗೆ ಸರ್ಕ್ಯೂಟ್‌ನಲ್ಲಿ ತುಂಬಾ ಇಷ್ಟವಾದದ್ದು ಇದೇ.

2023ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ದಿನಾ ಪಟ್ಟಿ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆ. ಸರ್ಕ್ಯೂಟ್‌ನಲ್ಲಿ ಮೊದಲಿದ್ದವನು ಫ್ಯಾಬಿಯಾನೊ ಕರುವಾನಾ. ಅವನಿಗೆ ವಿಶ್ವಕಪ್ ಮೂಲಕ ಆಗಲೇ ಜಾಗ ಸಿಕ್ಕಿತ್ತು, ಹಾಗಾಗಿ ಸರ್ಕ್ಯೂಟ್ ಜಾಗ ಅವನ ನಂತರದವನಿಗೆ. ಪೈಪೋಟಿ ಅನೀಶ್ ಗಿರಿಗೂ ಗುಕೇಶ್‌ಗೂ. ಗುಕೇಶ್ ಲಂಡನ್‌ಗೆ ಹೋಗಿ ಆಡಿದ, ಅಲ್ಲಿ ಚೆನ್ನಾಗಿ ಆಗಲಿಲ್ಲ. ಅಷ್ಟರಲ್ಲಿ ಚೆನ್ನೈನಲ್ಲಿ 8 ಜನರ, 7 ಸುತ್ತಿನ ಒಂದು ಟೂರ್ನಿ ಬಹಳ ಕಡಿಮೆ ಸಮಯದಲ್ಲಿ ಸಿದ್ಧವಾಯಿತು. ಗುಕೇಶ್ ಮತ್ತು ಅರ್ಜುನ್ ಎರಿಗೈಸಿ ಇಬ್ಬರೂ ನಾಲ್ಕೂವರೆ ಅಂಕ ಗಳಿಸಿದರು, ಟೈಬ್ರೇಕ್‌ನಲ್ಲಿ ಗುಕೇಶ್ ಮೊದಲು. ಆ ಪಾಯಿಂಟ್‌ಗಳಿಂದ ಅವನು ಗಿರಿಯನ್ನು ದಾಟಿದ. ಗಿರಿಗೆ ವರ್ಷದ ಕೊನೆಯಲ್ಲಿ ಸಮರ್‌ಖಂಡ್‌ನ ವಿಶ್ವ ರ‍್ಯಾಪಿಡ್ ಮತ್ತು ಬ್ಲಿಟ್ಜ್ ಇನ್ನೂ ಬಾಕಿ ಇತ್ತು, ಅಲ್ಲಿ ಬೇಕಾದಷ್ಟು ಸಿಗಲಿಲ್ಲ.

ಇದು ಸರಿಯಾ ಅಂತ ಆಗ ಬಹಳ ಜನ ಕೇಳಿದರು. ಒಬ್ಬ ಆಟಗಾರನಿಗೆ ಬೇಕು ಅಂತ ಟೂರ್ನಿ ಮಾಡಬಹುದಾ? ನನ್ನ ಉತ್ತರ ಅಂದೂ ಇದೇ, ಇಂದೂ ಇದೇ. ನಿಯಮ ಮುರಿಯಲಿಲ್ಲ, ಎದುರಾಳಿಗಳು ಬಲವಾಗಿದ್ದರು, ಗುಕೇಶ್ ಬೋರ್ಡ್ ಮೇಲೆ ಗೆಲ್ಲಲೇಬೇಕಿತ್ತು ಮತ್ತು ಗೆದ್ದ. ಆದರೆ ಲೆಕ್ಕಕ್ಕೆ ಬರುವ ಟೂರ್ನಿಗಳ ಪಟ್ಟಿ ವರ್ಷದ ಮಧ್ಯದಲ್ಲೇ ಮುಚ್ಚಿರಬೇಕಿತ್ತು. ಕೊನೆಯ ತಿಂಗಳಲ್ಲಿ ಹೊಸ ಟೂರ್ನಿ ಹುಟ್ಟಬಹುದು ಅಂದರೆ, ಬೆನ್ನ ಹಿಂದೆ ಹಣ ಮತ್ತು ಆಯೋಜಕರು ಇರುವ ಆಟಗಾರನಿಗೆ ಅದು ಅನುಕೂಲ, ಇಲ್ಲದವನಿಗೆ ಅನ್ಯಾಯ. ನನ್ನ ನೆಚ್ಚಿನವನಿಗೇ ಅನುಕೂಲ ಆಗಿದ್ದರೂ ಈ ಮಾತು ಹೇಳಲೇಬೇಕು.

ಕ್ಯಾಂಡಿಡೇಟ್ಸ್‌ನಲ್ಲಿ ಬರೀ ರೇಟಿಂಗ್ ನೋಡಿ ಕೊಡುತ್ತಿದ್ದ ಜಾಗದ ಕಥೆ ಇನ್ನೂ ಗೋಜಲು. ಅದೇ ಡಿಸೆಂಬರ್‌ನಲ್ಲಿ ಅಲಿರೆಜಾ ಫಿರೂಜಾ ವೆಸ್ಲಿ ಸೋನನ್ನು ರೇಟಿಂಗ್‌ನಲ್ಲಿ ದಾಟಲು ಫ್ರಾನ್ಸ್‌ನ ಶಾರ್ತ್ರ್‌ನಲ್ಲಿ ತನಗಿಂತ ಬಹಳ ಕಡಿಮೆ ರೇಟಿಂಗ್ ಇರುವ ಗ್ರ್ಯಾಂಡ್‌ಮಾಸ್ಟರ್‌ಗಳ ಜೊತೆ ಪಂದ್ಯ ಆಡಿದ. ಫಿಡೆ ಆಕ್ಷೇಪ ಎತ್ತಿತು. ಅವನು ರೂಆನ್‌ನ ಓಪನ್‌ಗೆ ಹೋಗಿ 7ಕ್ಕೆ 7 ಗೆದ್ದು ಜಾಗ ತಗೊಂಡ. ಆಮೇಲೆ ನಿಯಮ ಬದಲಾಯಿತು. ಒಂದು ತಿಂಗಳ ಪಟ್ಟಿಯ ಬದಲು 6 ತಿಂಗಳ ಸರಾಸರಿ, ಜೊತೆಗೆ ಕನಿಷ್ಠ 40 ಆಟ. 2025ರಲ್ಲಿ ಹಿಕಾರು ನಕಮುರಾ ಆ 40 ತುಂಬಿಸಲು ಅಮೆರಿಕದ ಚಿಕ್ಕ ಚಿಕ್ಕ ಟೂರ್ನಿಗಳಲ್ಲಿ ಆಡಿದ. ಬಹಳ ಕೆಳಗಿನವರನ್ನು ಸೋಲಿಸಿದಾಗಲೂ, ರೇಟಿಂಗ್ ವ್ಯತ್ಯಾಸ ಎಷ್ಟೇ ದೊಡ್ಡದಿದ್ದರೂ 400 ಅಂತಲೇ ಲೆಕ್ಕ ಹಾಕುವ ಹಳೆಯ ನಿಯಮದಿಂದ, ಆಟಕ್ಕೆ 0.8 ಪಾಯಿಂಟ್ ಸಿಗುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಿಂದ 2650 ಮೇಲಿನವರಿಗೆ ಆ ನಿಯಮ ತೆಗೆದುಹಾಕಿದರು. ಆಟಗಾರರನ್ನು ಇದಕ್ಕೆ ಬೈಯುವವರನ್ನು ನಾನು ಒಪ್ಪುವುದಿಲ್ಲ. ನಿಯಮ ಬಾಗಿಲು ತೆರೆದಿಟ್ಟಿತ್ತು, ಅವರು ನಡೆದು ಹೋದರು. ಸಾಲದ್ದಕ್ಕೆ, ಇದೇ ರೇಟಿಂಗ್ ಬಾಗಿಲಿನಿಂದ ಬಂದವನೇ ಚೀನಾದ ಡಿಂಗ್ ಲಿರೆನ್: 2022ರಲ್ಲಿ ರಷ್ಯಾದ ಕರ್ಯಾಕಿನ್ ಅಮಾನತಾಗಿ ಜಾಗ ಖಾಲಿಯಾದಾಗ, ಅದಕ್ಕೆ ಬೇಕಾದ ರೇಟಿಂಗ್ ಡಿಂಗ್‌ಗೆ ಇತ್ತು, ಆಟಗಳ ಸಂಖ್ಯೆ ಇರಲಿಲ್ಲ. ಕೊರೊನಾ ಕಾಲದಲ್ಲಿ ಚೀನಾದಿಂದ ಹೊರಗೆ ಹೋಗಿ ಆಡಲು ಆಗಿರಲಿಲ್ಲ. ಅಲ್ಲಿನ ಒಕ್ಕೂಟ ಅವಸರದಲ್ಲಿ ಪಂದ್ಯ ಏರ್ಪಡಿಸಿತು, ಒಂದು ತಿಂಗಳ ಆಸುಪಾಸಿನಲ್ಲಿ 28 ಆಟ ಆಡಿ ಒಳಗೆ ಬಂದ. ಮುಂದಿನ ವರ್ಷ ವಿಶ್ವ ಚಾಂಪಿಯನ್ ಆದ. 2024ರಲ್ಲಿ ಸಿಂಗಪುರದಲ್ಲಿ ಅವನನ್ನು ಸೋಲಿಸಿದ್ದು ಸರ್ಕ್ಯೂಟ್ ಬಾಗಿಲಿನಿಂದ ಬಂದ ಗುಕೇಶ್.

ಈಗ ಆ ಉಳಿದರ್ಧ ಸಿಟ್ಟಿನ ವಿಷಯ. ಸೂತ್ರ ಸರಿ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಟೂರ್ನಿಯೊಳಗೆ ಹೋಗುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಗುಣಕ 2.5 ಇರುವ ಟೂರ್ನಿಗಳು ಬಹುತೇಕ ಆಹ್ವಾನದ ಮೇಲೆ ನಡೆಯುತ್ತವೆ. ಗ್ರ್ಯಾಂಡ್ ಚೆಸ್ ಟೂರ್‌ನಲ್ಲಿ ಹಿಂದಿನ ವರ್ಷದ ಸಾಧನೆ, ರೇಟಿಂಗ್, ಜೊತೆಗೆ ಆಯೋಜಕರು ಕೊಡುವ ವೈಲ್ಡ್‌ಕಾರ್ಡ್. ಒಳಗಿದ್ದವರಿಗೆ ಪಾಯಿಂಟ್ ಸಿಗುತ್ತದೆ, ಪಾಯಿಂಟ್ ಇದ್ದವರಿಗೆ ಮತ್ತೆ ಕರೆ ಬರುತ್ತದೆ. ಹೊರಗಿರುವವನು ಎಷ್ಟೇ ಗೆದ್ದರೂ 1ರ ಗುಣಕದಲ್ಲೇ ಸುತ್ತುತ್ತಿರುತ್ತಾನೆ. ಅರ್ಜುನ್‌ನನ್ನೇ ನೋಡಿ. ಮೇಲಿನ ಟೂರ್ನಿಗಳ ಕರೆ ಕಮ್ಮಿ, ಓಪನ್ ಮೇಲೆ ಓಪನ್ ಆಡಿದ, ಒಂದೊಂದು ಡ್ರಾದಲ್ಲೂ ರೇಟಿಂಗ್ ಕಳೆದುಕೊಳ್ಳುವ ಜಾಗದಲ್ಲಿ ಆಡಿ 2024ರ ಡಿಸೆಂಬರ್ ಪಟ್ಟಿಯಲ್ಲಿ 2800 ದಾಟಿದ. ಆ ವರ್ಷದ ಸರ್ಕ್ಯೂಟ್ ಗೆದ್ದದ್ದು ಮಾತ್ರ ಕರುವಾನಾ, ಅರ್ಜುನ್ ಎರಡನೆಯವನು. ಕರುವಾನಾ ಗೆದ್ದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಇಬ್ಬರಿಗೂ ಅಷ್ಟೇ ಸಂಖ್ಯೆಯ ಬಲವಾದ ಟೂರ್ನಿ ಸಿಕ್ಕಿದ್ದರೆ ಏನಾಗುತ್ತಿತ್ತು ಅನ್ನುವುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಮೊದಲೇ ಆರಿಸಿದ ಆಟಗಾರರಷ್ಟೇ ಆಡುವ ಮುಚ್ಚಿದ ಟೂರ್‌ಗಳಲ್ಲಿ ಈ ತೊಂದರೆ ಇಲ್ಲ. 2022ರ ಫಿಡೆ ಗ್ರ್ಯಾನ್ ಪ್ರಿಯಲ್ಲಿ 24 ಆಟಗಾರರು, ಮೂರು ಟೂರ್ನಿ, ಪ್ರತಿಯೊಬ್ಬರಿಗೂ ಎರಡೆರಡು. 2024–25ರ ಮಹಿಳಾ ಗ್ರ್ಯಾನ್ ಪ್ರಿಯಲ್ಲಿ 20 ಜನ, ಆರು ಟೂರ್ನಿ, ಪ್ರತಿಯೊಬ್ಬರಿಗೂ ಮೂರು. ಎಲ್ಲರಿಗೂ ಸಮಾನ ಅವಕಾಶ, ಲೆಕ್ಕವೂ ಸುಲಭ. ಆದರೆ ಆ 24 ಅಥವಾ 20ರಲ್ಲಿ ಸೇರುವುದು ಹೇಗೆ ಅನ್ನುವ ಪ್ರಶ್ನೆ ಅಲ್ಲೂ ಬಾಗಿಲಲ್ಲೇ ನಿಂತಿರುತ್ತದೆ. ಫಿಡೆ ನಡೆಸುವ ಗ್ರ್ಯಾಂಡ್ ಸ್ವಿಸ್ ಟೂರ್ನಿ ನನಗೆ ಇಷ್ಟ ಆಗುವುದು ಇದಕ್ಕೇ. 11 ಸುತ್ತು, ನೂರಕ್ಕೂ ಹೆಚ್ಚು ಜನ. 2025ರಲ್ಲಿ ಗಿರಿ ಗೆದ್ದ, ಎರಡನೇ ಜಾಗಕ್ಕೆ ಯಾರೂ ಊಹಿಸದ ಮಥಿಯಾಸ್ ಬ್ಲೂಬಾಮ್ ಬಂದು ಕ್ಯಾಂಡಿಡೇಟ್ಸ್ ಸೇರಿದ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ನಾನು ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಟಾಟಾ ಸ್ಟೀಲ್ ಟೂರ್ನಿಯಲ್ಲಿ ಮಾಸ್ಟರ್ಸ್ ಪಕ್ಕದಲ್ಲೇ ಚಾಲೆಂಜರ್ಸ್ ಅಂತ ಇನ್ನೊಂದು ವಿಭಾಗ ನಡೆಯುತ್ತದೆ, ಅದನ್ನು ಗೆದ್ದವರಿಗೆ ಮುಂದಿನ ವರ್ಷ ಮಾಸ್ಟರ್ಸ್‌ನಲ್ಲಿ ಜಾಗ. ಯಾರ ಕೃಪೆಯೂ ಬೇಡ. ಅರ್ಜುನ್ 2022ರಲ್ಲಿ ಚಾಲೆಂಜರ್ಸ್ ಗೆದ್ದು 2023ರಲ್ಲಿ ಮೇಲೆ ಆಡಿದ್ದು ಹೀಗೆಯೇ. ಸರ್ಕ್ಯೂಟ್‌ನಲ್ಲಿ ದೊಡ್ಡ ಗುಣಕ ಬೇಕು ಅನ್ನುವ ಪ್ರತಿ ಆಹ್ವಾನಿತ ಟೂರ್ನಿಯೂ ಇಂಥ ಒಂದು ಕುರ್ಚಿ, ಒಂದೇ ಒಂದು, ಆಡಿ ಗೆದ್ದವರಿಗೆ ಬಿಟ್ಟುಕೊಡಬೇಕು ಅಂತ ಫಿಡೆ ನಿಯಮ ಮಾಡಲಿ. ಇಲ್ಲದಿದ್ದರೆ ಗುಣಕ ಕಮ್ಮಿ ಮಾಡಲಿ. ಆಮೇಲೆ ಡಿಸೆಂಬರ್‌ನಲ್ಲಿ ಯಾರಾದರೂ ಇದೇ ಪ್ರಶ್ನೆ ಕೇಳಿದರೆ, ನಾನು ಬರೀ ಪಟ್ಟಿ ತೋರಿಸಿ ಸುಮ್ಮನಾಗಬಹುದು.