ಹಳೆಯ ಲಾರಿಯ ಗೇರ್‌ಬಾಕ್ಸ್ ಒಳಗೆ ಇರುವುದು ಅದರದ್ದೇ ಗೇರುಗಳೇ?

ಕಳೆದ ವರ್ಷ ಕಬ್ಬಿನ ಕಟಾವು ಆರಂಭವಾಗುವ ಮೊದಲು ನನ್ನ ಚಿಕ್ಕಪ್ಪನ ಮಗ ಮಂಡ್ಯದ ಬಳಿ ಮಾರಾಟಕ್ಕಿದ್ದ ಆರು ಚಕ್ರದ ಡೀಸೆಲ್ ಲಾರಿಯೊಂದನ್ನು ನೋಡಲು ನನ್ನನ್ನು ಕರೆದೊಯ್ದ. ನಾನು ಮೈಸೂರಿನ ಬನ್ನಿಮಂಟಪದ ಗ್ಯಾರೇಜೊಂದರಲ್ಲಿ ಹದಿನಾಲ್ಕು ವರ್ಷ ಭಾರಿ ವಾಹನಗಳ ಗೇರ್‌ಬಾಕ್ಸ್ ಮತ್ತು ಹೌಸಿಂಗ್ (ಹಿಂದಿನ ಚಕ್ರಗಳ ನಡುವೆ ಗೇರುಗಳಿರುವ ಭಾಗ) ಕೆಲಸ ಮಾಡಿದವನಾದ್ದರಿಂದ, ಮನೆಯವರು ಹಳೆಯ ಗಾಡಿ ಕೊಳ್ಳುವಾಗ ನನ್ನನ್ನು ಕೇಳದೆ ಮುಂಗಡ ಕೊಡುವುದಿಲ್ಲ. ಲಾರಿಯ ಚಾಸಿ ನೇರವಾಗಿತ್ತು, ಬಾಡಿಯ ಮರ ಗಟ್ಟಿಯಿತ್ತು, ಬೆಳಗಿನ ತಣ್ಣಗಿನ ಇಂಜಿನ್ ಒಂದೇ ಸೆಲ್ಫಿಗೆ ಚಾಲೂ ಆಯಿತು. ಆದರೆ ಮಾರುವವರು ಹೆಮ್ಮೆಯಿಂದ ಹೇಳಿದ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. “ಅಣ್ಣ, ಈ ಗಾಡಿ ಎಕ್ಸ್‌ಪ್ರೆಸ್‌ವೇನಲ್ಲಿ ಎಂಬತ್ತರಲ್ಲಿ ಹೋದ್ರೂ ಇಂಜಿನ್ ಸದ್ದೇ ಮಾಡಲ್ಲ,” ಎಂದರು ಅವರು. ಆ ಮಾದರಿಯ ಲಾರಿ ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲೇ ಇದ್ದಿದ್ದರೆ, ಎಂಬತ್ತರ ವೇಗದಲ್ಲಿ ಅದರ ಇಂಜಿನ್ ಕೂಗಿಕೊಳ್ಳಲೇಬೇಕಿತ್ತು.

ಗೇರ್‌ಬಾಕ್ಸಿನ ಗೇರುಗಳನ್ನು ಬದಲಾಯಿಸಿದ್ದಾರೆಯೇ ಎಂಬ ವಿಷಯದಲ್ಲಿ ಹಳೆಯ ಲಾರಿಯ ಕಾಗದಪತ್ರಗಳು ನಮ್ಮ ನೆರವಿಗೆ ಬರುವುದಿಲ್ಲ. ಆರ್‌ಸಿಯಲ್ಲಿ ಇಂಜಿನ್ ಸಂಖ್ಯೆ ಇರುತ್ತದೆ, ಚಾಸಿ ಸಂಖ್ಯೆ ಇರುತ್ತದೆ. ಗೇರ್‌ಬಾಕ್ಸ್ ಸಂಖ್ಯೆ ಇರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆಯಾದರೂ, ಗೇರ್‌ಬಾಕ್ಸ್ ಒಳಗಿನ ಹಲ್ಲುಗಳ ಲೆಕ್ಕ ಆರ್‌ಸಿಯಲ್ಲಿ ಇಲ್ಲದ ಕಾರಣ ಅದನ್ನು ಪರೀಕ್ಷಿಸುವ ಹೊಣೆ ಪೂರ್ತಿಯಾಗಿ ಕೊಳ್ಳುವವನ ಮೇಲೆಯೇ ಬೀಳುತ್ತದೆ. ಇಂಜಿನ್ ಸಂಖ್ಯೆಯನ್ನು ಟಾರ್ಚ್ ಹಿಡಿದು ಓದಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವ ಜನ ಗೇರ್‌ಬಾಕ್ಸ್ ಕೆಳಗೆ ಒಮ್ಮೆಯೂ ತಲೆ ಹಾಕದೆ ಹಣ ಎಣಿಸಿ ಕೊಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಮತ್ತು ಪ್ರತಿ ಸಲವೂ ಸಂಕಟಪಟ್ಟಿದ್ದೇನೆ.

ಮೊದಲು ಕಣ್ಣಿಗೆ ಕಾಣುವ ಗುರುತುಗಳನ್ನು ಹುಡುಕಬೇಕು. ಗೇರ್‌ಬಾಕ್ಸ್ ಮೈಗೆ ಅಂಟಿದ ಎಣ್ಣೆಮಣ್ಣನ್ನು ಡೀಸೆಲ್ ಬಟ್ಟೆಯಿಂದ ಒರೆಸಿದರೆ ಮಾದರಿ ಮತ್ತು ಕ್ರಮಸಂಖ್ಯೆ ಇರುವ ತಗಡಿನ ಚೀಟಿ ಸಿಗುತ್ತದೆ. ಅದನ್ನು ಚಾಸಿ ಸಂಖ್ಯೆಯ ಜೊತೆಗೆ ಕಂಪನಿಯ ಅಧಿಕೃತ ಡೀಲರ್ ಬಳಿ ತೋರಿಸಿದರೆ, ಆ ಗಾಡಿಗೆ ಮೂಲದಲ್ಲಿ ಯಾವ ಗೇರ್‌ಬಾಕ್ಸ್ ಕೂರಿಸಿದ್ದರು ಎಂಬುದು ತಿಳಿಯುವ ಸಾಧ್ಯತೆಯಿದೆ. ಚೀಟಿಯೇ ಇಲ್ಲದಿದ್ದರೆ, ಅಥವಾ ರಿವೆಟ್ ಇರಬೇಕಾದ ಕಡೆ ಸ್ಕ್ರೂ ಇದ್ದರೆ ಅನುಮಾನಪಡಬೇಕು. ಇಡೀ ಗೇರ್‌ಬಾಕ್ಸನ್ನೇ ಬೇರೆ ಮಾದರಿಯದಕ್ಕೆ ಬದಲಾಯಿಸಿದ್ದರೆ ಅದರ ಉದ್ದ ಬೇರೆಯಾಗುತ್ತದೆ. ಆಗ ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟನ್ನು ಕತ್ತರಿಸಿಯೋ ಕೂಡಿಸಿಯೋ ಬೆಸುಗೆ ಹಾಕಿಸಬೇಕಾಗುತ್ತದೆ, ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ಬ್ರಾಕೆಟನ್ನು ಹಿಂದೆ ಮುಂದೆ ಸರಿಸಬೇಕಾಗುತ್ತದೆ. ಶಾಫ್ಟಿನ ಎರಡು ತುದಿಗಳ ಕಂಪನಿ ಬೆಸುಗೆಯನ್ನು ಬಿಟ್ಟು ನಡುವೆ ಎಲ್ಲಿಯಾದರೂ ಬೆಸುಗೆಯ ಉಂಗುರ ಕಂಡರೆ, ಅಡ್ಡಪಟ್ಟಿಯಲ್ಲಿ ಬೋಲ್ಟಿಲ್ಲದ ಹಳೆಯ ತೂತುಗಳು ಉಳಿದಿದ್ದರೆ, ಕ್ಯಾಬಿನ್ ನೆಲದಲ್ಲಿ ಗೇರ್ ಲಿವರಿನ ಕಂಡಿಯನ್ನು ಗ್ಯಾಸ್ ಕಟರಿನಿಂದ ಅಗಲಿಸಿದ್ದರೆ, ಲಿವರನ್ನು ಕಾಯಿಸಿ ಬಗ್ಗಿಸಿದ ಕಪ್ಪು ಕಲೆ ಇದ್ದರೆ, ಅಲ್ಲಿಗೆ ಉತ್ತರ ಸಿಕ್ಕಂತೆಯೇ.

ಇನ್ನೊಂದು ಗುರುತನ್ನು ವಿಶೇಷವಾಗಿ ಹೇಳಬೇಕು. ಟಿಪ್ಪರಿನ ತೊಟ್ಟಿ ಎತ್ತುವ ಹೈಡ್ರಾಲಿಕ್ ಪಂಪಿಗೆ ಶಕ್ತಿ ಬರುವುದು ಗೇರ್‌ಬಾಕ್ಸಿನ ಪಕ್ಕದಲ್ಲಿ ಜೋಡಿಸುವ ಪಿಟಿಓ ಎಂಬ ಭಾಗದಿಂದ. ಆ ಜಾಗದ ಕಂಡಿ ಸಾದಾ ಲಾರಿಯ ಗೇರ್‌ಬಾಕ್ಸಿನಲ್ಲೂ ಇರಬಹುದು, ಅದರ ಮೇಲೊಂದು ಮುಚ್ಚಳ ಇರುತ್ತದೆ. ಆ ಮುಚ್ಚಳದ ಬೋಲ್ಟುಗಳ ತಲೆ ಸವೆದಿದ್ದು, ಸುತ್ತಲೂ ಎಣ್ಣೆ ಸೋರದಂತೆ ಹಲವು ಸಲ ಪೇಸ್ಟ್ ಹಚ್ಚಿ ಕೆರೆದ ಗುರುತಿದ್ದರೆ, ಗೇರ್‌ಬಾಕ್ಸ್ ಕಲ್ಲುಕ್ವಾರಿಯಲ್ಲಿ ದುಡಿದ ಟಿಪ್ಪರಿನಿಂದ ಗುಜರಿಯ ದಾರಿ ಹಿಡಿದು ಬಂದಿರಬಹುದು. ಅಂಥ ಗೇರ್‌ಬಾಕ್ಸಿನ ಆಯಸ್ಸಿನ ಬಹುಭಾಗ ಒಂದನೇ ಗೇರು, ಎರಡನೇ ಗೇರು ಮತ್ತು ರಿವರ್ಸಿನಲ್ಲೇ ಕಳೆದಿರುತ್ತದೆ.

ನಾವು ನೋಡಲು ಹೋದ ಲಾರಿಯಲ್ಲಿ ಇವುಗಳಲ್ಲಿ ಯಾವುದೂ ಇರಲಿಲ್ಲ. ಚೀಟಿ ಸರಿಯಾಗಿತ್ತು, ರಿವೆಟ್ ಹಳೆಯದೇ ಆಗಿತ್ತು, ಶಾಫ್ಟಿನಲ್ಲಿ ಹೊಸ ಬೆಸುಗೆ ಇರಲಿಲ್ಲ. ಗೇರ್‌ಬಾಕ್ಸಿನ ಹಿಂದಿನ ಮುಚ್ಚಳದ ಅಂಚಿನಲ್ಲಿ ಮಾತ್ರ ಹೊಸ ಪೇಸ್ಟ್ ಹೊರಗೆ ಒಸರಿ ಒಣಗಿತ್ತು. ಅದರಿಂದ ಯಾರೋ ಬಿಚ್ಚಿದ್ದಾರೆ ಎಂದಷ್ಟೇ ತಿಳಿಯುತ್ತದೆ, ಏನು ಮಾಡಿದ್ದಾರೆ ಎಂದು ತಿಳಿಯುವುದಿಲ್ಲ; ಆಯಿಲ್ ಸೀಲ್ ಬದಲಾಯಿಸಲೆಂದೂ ಬಿಚ್ಚಿರಬಹುದು. ಹೊರಗಿನ ಕವಚ ಮೂಲದ್ದೇ ಇದ್ದು, ಒಳಗಿನ ಗೇರುಗಳ ಜೋಡಣೆ ಮಾತ್ರ ಬದಲಾಗಿದ್ದರೆ ಕಣ್ಣು ಸೋಲುತ್ತದೆ. ಅಲ್ಲಿ ಸುತ್ತು ಎಣಿಸಬೇಕು.

ಎಣಿಸುವ ಕ್ರಮ ಹೀಗಿದೆ. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಲ್ಲ ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಟ್ಟು, ಇಂಜಿನ್ ಅಕಸ್ಮಾತ್ ಚಾಲೂ ಆಗದಂತೆ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಡೀಸೆಲ್ ಪಂಪಿನ ಸ್ಟಾಪ್ ಕೇಬಲ್ಲನ್ನು ಎಳೆದು ಕಟ್ಟಬೇಕು. ಈ ಎರಡು ಕೆಲಸವನ್ನು ಮರೆತು ಕೈ ಕಳೆದುಕೊಳ್ಳುವ ಅಪಾಯ ನಿಜವಾದದ್ದು, ಆದ್ದರಿಂದ ಆತುರ ಬೇಡ. ಅನಂತರ ಪ್ರೊಪೆಲರ್ ಶಾಫ್ಟನ್ನು ಗೇರ್‌ಬಾಕ್ಸಿನ ಫ್ಲಾಂಜಿನಿಂದ (ಶಾಫ್ಟ್ ಬಂದು ಕೂಡುವ ಹಿಂದಿನ ಬಿಲ್ಲೆಯಿಂದ) ಬಿಚ್ಚಿ ಪಕ್ಕಕ್ಕೆ ಕಟ್ಟಿ, ಫ್ಲಾಂಜಿನ ಮೇಲೊಂದು, ಇಂಜಿನ್ ಮುಂಭಾಗದ ಕ್ರ್ಯಾಂಕ್ ಪುಲ್ಲಿಯ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಬೇಕು. ಗೇರ್ ಹಾಕಿ, ಉದ್ದನೆಯ ಸ್ಪ್ಯಾನರಿನಿಂದ ಇಂಜಿನ್ ತಿರುಗುವ ದಿಕ್ಕಿನಲ್ಲೇ ಪುಲ್ಲಿಯನ್ನು ಹತ್ತು ಸುತ್ತು ತಿರುಗಿಸಿ, ಅಷ್ಟರಲ್ಲಿ ಫ್ಲಾಂಜ್ ಎಷ್ಟು ಸುತ್ತಿತು ಎಂದು ನೋಡಬೇಕು. ಡೀಸೆಲ್ ಇಂಜಿನ್ನಿನ ಒತ್ತಡಕ್ಕೆ ಎದುರಾಗಿ ಕೈಯಲ್ಲಿ ತಿರುಗಿಸುವುದು ಕಷ್ಟದ ಕೆಲಸ, ಇಬ್ಬರು ಬೇಕು. ಒಂದು ಸುತ್ತಿನ ಬದಲು ಹತ್ತು ಸುತ್ತು ಎಣಿಸುವುದು ಏಕೆಂದರೆ, ಗೆರೆ ಓದುವಾಗ ಆಗುವ ಸಣ್ಣ ತಪ್ಪು ಹತ್ತರಲ್ಲಿ ಹಂಚಿಹೋಗುತ್ತದೆ.

ಆ ಮಾದರಿಯ ಕೈಪಿಡಿಯ ಪ್ರಕಾರ ಒಂದನೇ ಗೇರಿನ ಅನುಪಾತ ಹೆಚ್ಚುಕಡಿಮೆ 7. ಎಂದರೆ ಇಂಜಿನ್ ಹತ್ತು ಸುತ್ತಿದಾಗ ಫ್ಲಾಂಜ್ ಒಂದೂವರೆ ಸುತ್ತನ್ನೂ ಪೂರೈಸಬಾರದು. ನಮ್ಮ ಕಣ್ಣೆದುರಿಗೆ ಅದು ಎರಡು ಸುತ್ತಿಗೆ ಸ್ವಲ್ಪವೇ ಕಡಿಮೆ, ಸುಮಾರು 1.9 ಸುತ್ತು ತಿರುಗಿತು. ಹತ್ತನ್ನು 1.9ರಿಂದ ಭಾಗಿಸಿದರೆ 5.3 ಬರುತ್ತದೆ. ಐದನೇ ಗೇರಿನಲ್ಲಿ ಇಂಜಿನ್ನೂ ಫ್ಲಾಂಜೂ ಸಮಸಮವಾಗಿ ಹತ್ತಕ್ಕೆ ಹತ್ತು ತಿರುಗಬೇಕಿತ್ತು. ಫ್ಲಾಂಜ್ ಹನ್ನೆರಡೂವರೆ ಸುತ್ತು ತಿರುಗಿತು. ಅಂದರೆ ಅನುಪಾತ 0.8. ಮೂಲ ಕವಚದೊಳಗೆ ಓವರ್‌ಡ್ರೈವ್ ಗೇರುಗಳ, ಅಂದರೆ ಟಾಪ್ ಗೇರಿನಲ್ಲಿ ಶಾಫ್ಟನ್ನು ಇಂಜಿನ್ನಿಗಿಂತ ವೇಗವಾಗಿ ತಿರುಗಿಸುವ ಗೇರುಗಳ, ಜೋಡಣೆ ಕುಳಿತಿತ್ತು ಎಂಬುದರಲ್ಲಿ ಅಲ್ಲಿಗೆ ಸಂಶಯ ಉಳಿಯಲಿಲ್ಲ.

ಗೇರ್‌ಬಾಕ್ಸ್ ಜೊತೆಗೆ ಹಿಂದಿನ ಹೌಸಿಂಗನ್ನೂ ಎಣಿಸಲೇಬೇಕು, ಏಕೆಂದರೆ ವೇಗ ಹೆಚ್ಚಿಸಲು ಅದರೊಳಗಿನ ದೊಡ್ಡ ಗೇರಾದ ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್ ಬದಲಾಯಿಸುವವರೂ ಇದ್ದಾರೆ. ಕ್ರೌನಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 7 ಹಲ್ಲು ಇದ್ದರೆ ಅನುಪಾತ 5.86 ಆಗುತ್ತದೆ, ಪಿನಿಯನ್ನಿನ ಹಲ್ಲು 6 ಆದರೆ 6.83 ಆಗುತ್ತದೆ. ಹಿಂದಿನ ಎರಡೂ ಬದಿಯ ಚಕ್ರಗಳನ್ನು ನೆಲದಿಂದ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿದರೆ ಶಾಫ್ಟ್ ತಿರುಗುವ ಸುತ್ತುಗಳ ಸಂಖ್ಯೆಯೇ ಅನುಪಾತ. ಒಂದು ಬದಿಯನ್ನು ಮಾತ್ರ ಎತ್ತಿದ್ದರೆ ಆ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು, ಏಕೆಂದರೆ ಎರಡು ಬದಿಯ ಚಕ್ರಗಳನ್ನು ಕ್ರೌನಿಗೆ ಜೋಡಿಸುವ ಡಿಫರೆನ್ಶಿಯಲ್ ಅರ್ಧದಷ್ಟನ್ನೇ ಕ್ರೌನಿಗೆ ದಾಟಿಸುತ್ತದೆ. ಈ ಒಂದು ಅಂಶ ಗೊತ್ತಿಲ್ಲದೆ ತಪ್ಪು ಲೆಕ್ಕ ಹಾಕಿ, ಸರಿಯಿದ್ದ ಗಾಡಿಯನ್ನು ಬಿಟ್ಟುಬಂದವರು ನನಗೆ ಗೊತ್ತು. ನಮ್ಮ ಲಾರಿಯಲ್ಲಿ ಶಾಫ್ಟ್ ಆರು ಸುತ್ತಿಗೆ ತುಸು ಮೊದಲೇ ನಿಂತಿತು, ಅದು 5.86ರ ಮೂಲ ಹೌಸಿಂಗೇ ಆಗಿತ್ತು.

ಏನನ್ನೂ ಬಿಚ್ಚಲು ಮಾರುವವರು ಒಪ್ಪದಿದ್ದರೆ ರಸ್ತೆಯ ಮೇಲೆಯೂ ಲೆಕ್ಕ ಸಿಗುತ್ತದೆ, ಗಾಡಿಯಲ್ಲಿ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂದು ತೋರಿಸುವ ಆರ್‌ಪಿಎಂ ಮೀಟರ್ ಕೆಲಸ ಮಾಡುತ್ತಿರಬೇಕು ಅಷ್ಟೆ. ಟೈರಿನ ಮೇಲೆ ಗುರುತು ಹಾಕಿ ಲಾರಿಯನ್ನು ಒಂದು ಸುತ್ತು ಮುಂದಕ್ಕೆ ಉರುಳಿಸಿ ನೆಲದ ಮೇಲೆ ಟೇಪಿನಿಂದ ಅಳೆಯಿರಿ. ಅದು 3.2 ಮೀಟರ್ ಬಂದು, ಹೌಸಿಂಗ್ 5.86 ಆಗಿದ್ದು, ಟಾಪ್ ಗೇರ್ ನೇರ (ಒಂದಕ್ಕೆ ಒಂದು) ಅನುಪಾತದ್ದಾಗಿದ್ದರೆ, 2000 ಆರ್‌ಪಿಎಂನಲ್ಲಿ ವೇಗ ಗಂಟೆಗೆ 65 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ಅದೇ ಆರ್‌ಪಿಎಂನಲ್ಲಿ ಗಾಡಿ 80 ದಾಟುತ್ತಿದ್ದರೆ ಒಳಗೆ ಓವರ್‌ಡ್ರೈವ್ ಇದೆ. ವೇಗವನ್ನು ಗಾಡಿಯ ಮೀಟರಿನಲ್ಲಿ ನೋಡದೆ ಮೊಬೈಲಿನ ಜಿಪಿಎಸ್‌ನಲ್ಲಿ ನೋಡುವುದು ಒಳ್ಳೆಯದು, ಟೈರಿನ ಅಳತೆ ಬದಲಾಗಿದ್ದರೆ ಗಾಡಿಯ ಮೀಟರ್ ತಪ್ಪು ತೋರಿಸುತ್ತದೆ.

ಎಣ್ಣೆಯ ಬಗ್ಗೆ ಎರಡು ಮಾತು. ಡ್ರೈನ್ ಪ್ಲಗ್ಗಿನಲ್ಲಿ ಚಿನ್ನದ ಬಣ್ಣದ ಪುಡಿ ಮಿನುಗಿದರೆ ಗೇರ್ ಸಲೀಸಾಗಿ ಬೀಳಲು ನೆರವಾಗುವ ಸಿಂಕ್ರೊ ಉಂಗುರಗಳು ಸವೆಯುತ್ತಿವೆ, ಉಕ್ಕಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಮುರಿದಿದೆ. ಗೇರ್‌ಬಾಕ್ಸಿನ ಕೊರಗುವ ಸದ್ದನ್ನು ಮುಚ್ಚಲು 140 ದರ್ಜೆಯ ಗಟ್ಟಿ ಎಣ್ಣೆ ತುಂಬಿ ಮಾರುವುದುಂಟು. ಆದ್ದರಿಂದ ಅರ್ಧ ಗಂಟೆ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಮತ್ತೊಮ್ಮೆ ಕಿವಿಗೊಡಬೇಕು.

ಮಾರ್ಪಾಡಾಗಿದ್ದರೆ ಏನಂತೆ, ಗಾಡಿ ಚೆನ್ನಾಗಿ ಓಡುತ್ತಿದೆಯಲ್ಲ ಎಂದು ನನ್ನ ಚಿಕ್ಕಪ್ಪನ ಮಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಒಂದನೇ ಗೇರು 7ರಿಂದ 5.3ಕ್ಕೆ ಇಳಿದರೆ, ಅದೇ ಇಂಜಿನ್ ಅದೇ ಹೌಸಿಂಗಿನ ಮೂಲಕ ಚಕ್ರಕ್ಕೆ ಕೊಡುವ ಎಳೆತ ಸುಮಾರು ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಖಾಲಿ ಗಾಡಿಯಲ್ಲಿ, ಡಾಂಬರು ರಸ್ತೆಯಲ್ಲಿ ಅದು ತಿಳಿಯುವುದೇ ಇಲ್ಲ. ಆದರೆ ನೀರು ಕಟ್ಟಿದ ಗದ್ದೆಯ ಬದಿಯಲ್ಲಿ ಕಬ್ಬು ತುಂಬಿಕೊಂಡು, ಮೆತ್ತನೆಯ ಮಣ್ಣಿನಿಂದ ಎದ್ದು ನಾಲೆ ಏರಿಯನ್ನು ಹತ್ತಬೇಕಾದಾಗ ಆ ಕಾಲುಭಾಗವೇ ಬೇಕಾಗುತ್ತದೆ. ಅದು ಇಲ್ಲದಿದ್ದರೆ ಡ್ರೈವರ್ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಜಾರಿಸುತ್ತಾನೆ. ಪ್ಲೇಟು ಸುಡುತ್ತದೆ, ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಗಾಡಿ ನಿಂತುಹೋಗುತ್ತದೆ. ನಾನು ಬಿಚ್ಚಿದ ಎಷ್ಟೋ ಸುಟ್ಟ ಕ್ಲಚ್ಚುಗಳ ಹಿಂದೆ ಡ್ರೈವರನ ತಪ್ಪು ಇರಲಿಲ್ಲ, ಹೊಂದದ ಗೇರು ಇತ್ತು. ಬೈಸಿಕೊಂಡವನು ಮಾತ್ರ ಡ್ರೈವರ್.

ಎಣಿಸಿದ ಲೆಕ್ಕವನ್ನು ಮಾರುವವರ ಮುಂದಿಟ್ಟಾಗ, ತಮಗಿಂತ ಹಿಂದಿನ ಮಾಲೀಕರು ಬೆಂಗಳೂರಿಗೆ ತೆಂಗಿನಕಾಯಿ ಸಾಗಿಸುತ್ತಿದ್ದಾಗ ಹೀಗೆ ಮಾಡಿಸಿದ್ದರೆಂದು ಅವರು ಒಪ್ಪಿಕೊಂಡರು. ನಾವು ಆ ಲಾರಿಯನ್ನು ಕೊಳ್ಳಲಿಲ್ಲ. ಎರಡು ವಾರದ ನಂತರ ಮೈಸೂರಿನ ತರಕಾರಿ ವ್ಯಾಪಾರಿಯೊಬ್ಬರು ಅದನ್ನು ನೋಡಲು ಬಂದಾಗ ಮಾರುವವರೇ ನನಗೆ ಫೋನ್ ಮಾಡಿ, ಆ ಅನುಪಾತಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡುವಂತೆ ಕೇಳಿದರು. ಐದೂ ಗೇರುಗಳ ಅಂಕಿಯನ್ನು, ಹೌಸಿಂಗಿನ 41 ಮತ್ತು 7ನ್ನು ಬರೆದು ಕಳುಹಿಸಿದೆ. ಹೆದ್ದಾರಿಯಲ್ಲೇ ಓಡುವ ಆ ವ್ಯಾಪಾರಿಗೆ ಆ ಗೇರ್‌ಬಾಕ್ಸ್ ಹೇಳಿ ಮಾಡಿಸಿದಂತಿತ್ತು, ಹಾಳೆಯನ್ನು ಆರ್‌ಸಿಯ ಜೊತೆಗೇ ಇಟ್ಟುಕೊಂಡರಂತೆ.